ತೂಕದ ಕಾಟಾ, ಹಣದ ಕಾಟಾ

(ಶಲವಡಿಯಲ್ಲಿ ಯುವಕರ ಎದುರು ಮಾಡಿದ ಭಾಷಣ)



ನಮ್ಮ ಕಡೆ ಕಬಡ್ಡಿ ಪಂದ್ಯಾವಳಿಯ ಕರಪತ್ರದಲ್ಲಿ ‘55 ಕೆ.ಜಿ. ವಿಭಾಗ’ ಎಂದು ಅಚ್ಚು ಹಾಕಿಸುವುದುಂಟು. ಕಾಟಾ ಮೇಲೆ ನಿಂತು ತೂಕ ಕೊಟ್ಟವನೇ ಅಂಕಣಕ್ಕಿಳಿಯಬೇಕು. ಎಂಬತ್ತು ಕಿಲೋದವನನ್ನು ಐವತ್ತರವನ ಮೇಲೆ ಬಿಟ್ಟರೆ ಅದು ಆಟವಲ್ಲ. ವೃತ್ತಿಪರ ಫುಟ್‌ಬಾಲಿನಲ್ಲಿ ತೂಗಬೇಕಾದದ್ದು ಆಟಗಾರನ ಮೈಯನ್ನಲ್ಲ, ಕ್ಲಬ್ಬಿನ ಗಂಟನ್ನು.

ಹಾಗೆ ತೂಗಲು ಎರಡು ಪದ್ಧತಿಗಳಿವೆ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2009ರಲ್ಲಿ ಒಪ್ಪಿದ ನಿಯಮದ ತಿರುಳು, ಗಳಿಸಿದಷ್ಟೇ ಖರ್ಚು ಮಾಡಬೇಕು ಎಂಬುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ ನಷ್ಟಕ್ಕೆ ಮಿತಿ ಹಾಕಿತು. ಅದನ್ನು ಮೀರಿದ ಎವರ್ಟನ್ ಕ್ಲಬ್ಬಿಗೆ 2023ರ ನವೆಂಬರ್‌ನಲ್ಲಿ 10 ಅಂಕ ಕಡಿತವಾಯಿತು. ಮೇಲ್ಮನವಿಯ ನಂತರ ಅದು 6ಕ್ಕಿಳಿಯಿತು. ಈ ಪದ್ಧತಿ ಸಾಲಕ್ಕೆ ಕಡಿವಾಣ ಹಾಕುತ್ತದೆ, ನಿಜ. ಆದರೆ ಹೆಚ್ಚು ಗಳಿಸುವವನು ಹೆಚ್ಚು ಖರ್ಚು ಮಾಡಬಹುದು. ಹೀಗಾಗಿ ದೊಡ್ಡವರು ದೊಡ್ಡವರಾಗಿಯೇ ಉಳಿಯುತ್ತಾರೆ.

ಎರಡನೆಯದು ನಮ್ಮ ಕಬಡ್ಡಿಯ ಕಾಟಾದಂತೆ, ಎಲ್ಲರಿಗೂ ಒಂದೇ ಮಿತಿ. ಇಂಡಿಯನ್ ಸೂಪರ್ ಲೀಗ್ ಆಟಗಾರರ ಸಂಬಳಕ್ಕೆ ಇಂಥ ಮಿತಿ ಹಾಕಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ 2018–19ರಲ್ಲಿ ಆ ಲೀಗ್ ಗೆದ್ದಿತು.

ಆದರೆ 2025ರಲ್ಲಿ ಲೀಗ್ ನಡೆಸುವ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ನಡುವಿನ ಒಪ್ಪಂದ ನವೀಕರಣವಾಗದೆ ಪಂದ್ಯಗಳೇ ಅನಿಶ್ಚಿತವಾದವು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಖರ್ಚಿಗೆ ಮಿತಿ ಇತ್ತು. ಆದಾಯಕ್ಕೆ ಖಾತ್ರಿ ಇರಲಿಲ್ಲ.

ಕಾಟಾ ಜೋಡಿಯನ್ನು ಸಮ ಮಾಡೀತು. ಅಂಕಣ ಹಾಕುವವರಲ್ಲೇ ಒಮ್ಮತವಿಲ್ಲದಿದ್ದರೆ ಅದು ತಾನೇ ಏನು ಮಾಡೀತು? ನಿಯಮದಷ್ಟೇ ಮುಖ್ಯವಾದದ್ದು ಆಟಗಾರನ ಅನ್ನ. ಅದನ್ನು ಮರೆತ ನ್ಯಾಯ ಅರ್ಧ ನ್ಯಾಯ.