ಅಂತರಜಾಲದ ಸಂತೆಯಲ್ಲಿ ಒಳ್ಳೆಯ ಮಾಲು ಹುಡುಕುವ ಬಗೆ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಗ್ರಾಮದ ವಾಚನಾಲಯ ಬಳಗದ ಪರವಾಗಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ತುಂಬಿದ ಸಂಘದ ಸಂಭ್ರಮದಲ್ಲಿ ನಮ್ಮ ಬಳಗಕ್ಕೂ ನಾಲ್ಕು ಮಾತಿಗೆ ಅವಕಾಶ ಕೊಟ್ಟಿದ್ದೀರಿ. ಅಂತರಜಾಲದಲ್ಲಿ ಉಪಯೋಗಕ್ಕೂ ಮನರಂಜನೆಗೂ ಆಗುವ ತಾಣಗಳನ್ನು ಹುಡುಕೋದು ಹೇಗೆ ಅನ್ನುವುದು ನಮಗೆ ಕೊಟ್ಟ ವಿಷಯ. ಫೋನು ಈಗ ಬಹುಪಾಲು ಮನೆಗಳಲ್ಲಿದೆ. ಆದರೆ ಅದರಲ್ಲಿ ಬೇಕಾದ್ದನ್ನು ಹುಡುಕಿ ತೆಗೆಯುವ ವಿದ್ಯೆ ಇನ್ನೂ ಎಲ್ಲರ ಮನೆಗೆ ಬಂದಿಲ್ಲ. ಬಂದವರಿಗೆ ಕೂತಲ್ಲೇ ಕೆಲಸ ಆಗುತ್ತೆ. ಬಾರದವರು ಅದೇ ಕೆಲಸಕ್ಕೆ ಮಧ್ಯವರ್ತಿಗೆ ದುಡ್ಡು ಕೊಡ್ತಾರೆ, ಇಲ್ಲವೇ ಮೋಸಗಾರನ ಕೈಗೆ ಸಿಕ್ಕಿಕೊಳ್ತಾರೆ.

ಪಟ್ಟಿಯಿಂದ ಶುರುವಾದ ಕತೆ

ಅಂತರಜಾಲದ ಪುಟಗಳ ವ್ಯವಸ್ಥೆಯನ್ನು 1989ರಲ್ಲಿ ಯೋಚಿಸಿದವರು ಟಿಮ್ ಬರ್ನರ್ಸ್-ಲೀ. ಅವರು ಆಗ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದರು. ಆ ಸಂಸ್ಥೆ 1993ರಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಅಂತ ಬಿಟ್ಟುಕೊಟ್ಟಿತು. ನಮ್ಮ ದೇಶದ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಪುಟಗಳು ಹೆಚ್ಚಿದ ಹಾಗೆ ಯಾವುದು ಎಲ್ಲಿದೆ ಅನ್ನೋದೇ ತಿಳಿಯದಾಯಿತು. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ, ತಮಗೆ ಇಷ್ಟವಾದ ತಾಣಗಳ ಪಟ್ಟಿ ಬರೆಯತೊಡಗಿದರು. ಅದೇ ಮುಂದೆ ಯಾಹೂ ಆಯಿತು. 1998ರಲ್ಲಿ ಗೂಗಲ್ ಕಂಪನಿ ಹುಟ್ಟಿತು. ಯಾವ ಪುಟದ ಕಡೆಗೆ ಬೇರೆ ಪುಟಗಳು ಹೆಚ್ಚು ಬೆರಳು ತೋರಿಸುತ್ತವೋ ಅದಕ್ಕೆ ಹೆಚ್ಚು ಬೆಲೆ ಅನ್ನೋದು ಅದರ ಮೂಲ ಲೆಕ್ಕ. ನಾಲ್ಕು ಜನ ಒಳ್ಳೆಯವರು ಅಂದರೆ ಒಳ್ಳೆಯವರು ಅನ್ನೋ ಹಳ್ಳಿಯ ಲೆಕ್ಕವೇ ಇದು.

ಈಗ ಆ ಲೆಕ್ಕದ ನೆತ್ತಿಯ ಮೇಲೆ ಜಾಹೀರಾತು ಕೂತಿದೆ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣೋದು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ್ದು. ಅದರ ಪಕ್ಕ ಸಣ್ಣಕ್ಷರದಲ್ಲಿ ‘ಸ್ಪಾನ್ಸರ್ಡ್’ ಅಥವಾ ‘ಪ್ರಾಯೋಜಿತ’ ಅಂತ ಇರುತ್ತೆ. ಸಂತೆಯ ಬಾಗಿಲಲ್ಲೇ ಕೂಗಿ ಕರೆಯುವ ಅಂಗಡಿಯ ಮಾಲೇ ಒಳ್ಳೆಯದು ಅಂತ ನಾವು ಯಾವತ್ತಾದರೂ ನಂಬಿದ್ದೀವಾ?

ಉಪಯೋಗದ ತಾಣಗಳು

ಮೊದಲು ಪಹಣಿ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಅನ್ನುವ ತಾಣದಲ್ಲಿ ನಿಮ್ಮ ಸರ್ವೆ ನಂಬರು ಹಾಕಿ ಪುಕ್ಕಟೆ ನೋಡಬಹುದು. ಸಹಿ ಇರುವ ಪ್ರತಿ ಬೇಕಾದರೆ ಮಾತ್ರ ಶುಲ್ಕ. ನೋಡುವಾಗ ಮೂರು ಕಾಲಂ ಮರೆಯಬೇಡಿ. 9ರಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಬಂದ ಬಗೆ, 11ರಲ್ಲಿ ಋಣಗಳು. ಬ್ಯಾಂಕಿನ ಸಾಲ ತೀರಿಸಿದ ಮೇಲೂ 11ನೇ ಕಾಲಮಿನಲ್ಲಿ ಭಾರ ಹಾಗೇ ಉಳಿದಿದ್ದರೆ ನಾಳೆ ಮಗಳ ಮದುವೆಗೋ ಮಗನ ಓದಿಗೋ ಸಾಲ ಕೇಳಲು ಹೋದಾಗ ತೊಡಕಾಗುತ್ತೆ. ವರ್ಷಕ್ಕೊಮ್ಮೆ ನೋಡಿಕೊಳ್ಳಿ.

‘ದಿಶಾಂಕ್’ ಅನ್ನುವ ಸರ್ಕಾರಿ ಆ್ಯಪ್ ಇದೆ. ಹೊಲದಲ್ಲಿ ನಿಂತು ತೆರೆದರೆ ಆ ಜಾಗದ ಸರ್ವೆ ನಂಬರು ತೋರಿಸುತ್ತೆ. ಆದರೆ ಅದನ್ನೇ ಹಿಡಿದುಕೊಂಡು ಬದುವಿನ ಜಗಳಕ್ಕೆ ಇಳಿಯಬೇಡಿ. ಗಡಿ ಗುರುತಿಸಬೇಕಾದವರು ಸರ್ವೆಯರೇ.

ಎರಡನೆಯದು ಮಾರುಕಟ್ಟೆ ದರ. ಕೇಂದ್ರದ ‘ಆಗ್‌ಮಾರ್ಕ್‌ನೆಟ್’, ನಮ್ಮ ರಾಜ್ಯದ ‘ಕೃಷಿ ಮಾರಾಟ ವಾಹಿನಿ’ ಇವೆರಡರಲ್ಲೂ ಎಪಿಎಂಸಿಗಳ ದರ ಸಿಗುತ್ತೆ. ಅಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ದರ ಇರುತ್ತವೆ. ನಮ್ಮ ಕಣ್ಣು ಗರಿಷ್ಠದ ಮೇಲೇ ಹೋಗುತ್ತೆ, ಅದು ಸಹಜ. ಆದರೆ ಆ ದರ ನಾಲ್ಕೇ ಚೀಲಕ್ಕೆ ಸಿಕ್ಕಿರಬಹುದು. ಮೋಡಲ್ ಅಂದರೆ ಆವತ್ತು ಹೆಚ್ಚಿನ ಮಾಲು ಮಾರಾಟವಾದ ದರ. ಲಾರಿ ಬಾಡಿಗೆ ಲೆಕ್ಕ ಹಾಕುವಾಗ ಅದನ್ನೇ ಹಿಡಿಯಿರಿ.

ಮೂರನೆಯದು ದನಕರು. ‘ಇ-ಗೋಪಾಲ’ ಆ್ಯಪ್ 2020ರಲ್ಲಿ ಬಂತು. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯ ತಾಣದಲ್ಲಿ ನಾಟಿ ಪಶುವೈದ್ಯದ ಮಾಹಿತಿಯೂ ಇದೆ. ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನದ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಲೇಪಿಸುವ ವಿಧಾನ ಅಲ್ಲಿ ಅಳತೆಸಹಿತ ಸಿಗುತ್ತೆ. ನಮ್ಮ ಅಜ್ಜಿಯರ ಮದ್ದೇ ಅಳತೆ ಕಟ್ಟಿಕೊಂಡು ವಾಪಸು ಬಂದಿದೆ ಅನ್ನಬೇಕು. ಹಾಗಂತ ಹಸು ಮೇವು ಬಿಟ್ಟಾಗ ಫೋನು ನೋಡುತ್ತಾ ಕೂರಬಾರದು. ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸೆಗೆ 1962 ನಂಬರಿದೆ.

ನಾಲ್ಕನೆಯದು ಸಿಡಿಲು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ‘ದಾಮಿನಿ’ ಆ್ಯಪ್ ನೀವಿರುವ ಜಾಗದ 20 ಮತ್ತು 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿನ ಸುಳಿವಿದ್ದರೆ ತಿಳಿಸುತ್ತೆ. ಮುಂಗಾರಿಗೆ ಮೊದಲಿನ ಸಂಜೆಮಳೆಯಲ್ಲಿ ಮರದ ಕೆಳಗೆ ದನ ಕಟ್ಟುವವರು ಇದನ್ನು ಇಟ್ಟುಕೊಂಡಿರೋದು ಒಳ್ಳೆಯದು. ಬರೀ ಕೀಪ್ಯಾಡ್ ಫೋನು ಇದ್ದವರಿಗೂ ದಾರಿ ಇದೆ. ಕಿಸಾನ್ ಕಾಲ್ ಸೆಂಟರ್ 1800-180-1551, ಕರೆ ಪುಕ್ಕಟೆ. ಕನ್ನಡದಲ್ಲೇ ಕೇಳಬಹುದು.

ಡಿಗ್ರಿ ನೋಡದೆ ಹಾಲು ತಗೊಳ್ತೀವಾ?

ನಮ್ಮ ಡೈರಿಯಲ್ಲಿ ಎಷ್ಟೇ ಹತ್ತಿರದ ನೆಂಟರು ತಂದರೂ ಡಿಗ್ರಿ ನೋಡದೆ, ಫ್ಯಾಟ್ ನೋಡದೆ ಹಾಲು ಸುರಿಸಿಕೊಳ್ಳೋದಿಲ್ಲ. ತಾಣಕ್ಕೂ ಹಾಗೇ ಪರೀಕ್ಷೆ ಇದೆ.

ವಿಳಾಸವನ್ನು ಹಿಂದಿನಿಂದ ಓದಬೇಕು. ಕಾಗದದ ಲಕೋಟೆಯಲ್ಲಿ ಜಿಲ್ಲೆ ಕೊನೆಗೆ ಬರೋದಿಲ್ಲವೇ, ಹಾಗೆ. ಮೊದಲ ಓರೆಗೆರೆ ಬರುವ ಜಾಗಕ್ಕೆ ಸರಿಯಾಗಿ ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಅಂತ ಮುಗಿದಿದ್ದರೆ ಅದು ಸರ್ಕಾರದ ವಿಳಾಸ. ಜಿಒವಿ ಅನ್ನೋದು ನಡುವೆ ಎಲ್ಲೋ ಬಂದು, ಕೊನೆಗೆ ಬೇರೇನೋ ಇದ್ದರೆ ಅನುಮಾನಪಡಿ. ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಹೆಸರು ಹಾಕಿ ‘ಎಪಿಕೆ’ ಅಂತ ಮುಗಿಯುವ ಕಡತ ಬಂದರೆ, ಕಳಿಸಿದವರು ಸ್ವಂತ ಭಾವನೇ ಆದರೂ ಮುಟ್ಟಬೇಡಿ. ಅವರ ಫೋನನ್ನೇ ಯಾರೋ ಹಿಡಿದಿರಬಹುದು.

ಕಂಪನಿಯ ಅಥವಾ ಬ್ಯಾಂಕಿನ ಫೋನ್ ನಂಬರನ್ನು ಹುಡುಕಿದಾಗ ಮೊದಲು ಕಂಡದ್ದಕ್ಕೇ ಕರೆ ಮಾಡಬಾರದು. ನಮ್ಮ ಸದಸ್ಯರೊಬ್ಬರು ಹಾಗೆ ಮಾಡಿ, ಆ ಕಡೆಯವನು ಕೇಳಿದ ಒಟಿಪಿ ಹೇಳಿ, ಆ ಸಲದ ಹಾಲಿನ ಬಟವಾಡೆ ಪೂರಾ ಕಳಕೊಂಡರು. ನಾಚಿಕೆಯಿಂದ ಮೂರು ದಿನ ಮನೆಯಲ್ಲೂ ಹೇಳಲಿಲ್ಲ. ನಂಬರನ್ನು ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ತಗೊಳ್ಳಿ. ಹಣ ಹೋಯಿತು ಅಂತ ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ಹಣ ಕೈದಾಟುವ ಮೊದಲು ತಡೆಯುವ ಅವಕಾಶ ಇರೋದು ಆಗಲೇ. ಮೂರು ದಿನ ಮುಚ್ಚಿಟ್ಟರೆ ಲಾಭ ಮೋಸಗಾರನಿಗೆ. ಮೋಸ ಹೋದವರನ್ನು ನೋಡಿ ನಗೋದನ್ನು ನಾವು ಊರಿನವರೂ ಬಿಡಬೇಕು.

ಮನರಂಜನೆಯೂ ಬೇಕು

ಬರೀ ಕೆಲಸದ ಮಾತೇ ಆದರೆ ಮಕ್ಕಳು ಎದ್ದು ಹೋಗ್ತಾರೆ. ‘ರೇಡಿಯೋ ಗಾರ್ಡನ್’ ಅನ್ನುವ ತಾಣ 2016ರಲ್ಲಿ ನೆದರ್‌ಲ್ಯಾಂಡ್ಸಿನಿಂದ ಬಂತು. ತೆರೆಯ ಮೇಲೆ ಭೂಗೋಳ ತಿರುಗುತ್ತೆ, ಹಸಿರು ಚುಕ್ಕಿ ಮುಟ್ಟಿದರೆ ಆ ಊರಿನ ರೇಡಿಯೋ ಕೇಳಿಸುತ್ತೆ. ನಮ್ಮ ವಾಚನಾಲಯದಲ್ಲಿ ಮಕ್ಕಳು ಇದರಿಂದಲೇ ದೇಶಗಳ ಹೆಸರು ಕಲಿತರು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಸುಮಾರು 90 ನಿಮಿಷಕ್ಕೊಂದು ಸುತ್ತು ಹಾಕುತ್ತೆ. ಅದು ನಮ್ಮ ಊರ ಮೇಲೆ ಯಾವ ಸಂಜೆ, ಎಷ್ಟು ಗಂಟೆಗೆ ಕಾಣುತ್ತೆ ಅನ್ನೋದನ್ನು ನಾಸಾದ ‘ಸ್ಪಾಟ್ ದ ಸ್ಟೇಷನ್’ ತಿಳಿಸುತ್ತೆ. ಹಾಲು ಹಾಕಿ ಮನೆಗೆ ಹೋಗುವಾಗ ತಲೆ ಎತ್ತಿ ನೋಡಲು ಇಷ್ಟು ಸಾಕು.

ಕನ್ನಡದ ಓದಿಗೂ ಕೊರತೆ ಇಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ‘ವಚನ ಸಂಚಯ’ದಲ್ಲಿ ಒಂದು ಪದ ಹಾಕಿದರೆ ಅದು ಬರುವ ವಚನಗಳೆಲ್ಲ ಎದುರಿಗೆ ಬರುತ್ತವೆ. ವಿ. ಕೃಷ್ಣ ಅನ್ನುವ ಹಿರಿಯರು ದಶಕಗಳ ಕಾಲ ದುಡಿದು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಎಲ್ಲರಿಗೂ ಪುಕ್ಕಟೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 1996ರಲ್ಲಿ ಶುರುವಾದ ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಅಂಗಡಿಯಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕಗಳ ಪುಟಪುಟವೂ ಇವೆ. ಹುಡುಕುವಾಗ ಕನ್ನಡದ್ದನ್ನು ಕನ್ನಡ ಅಕ್ಷರದಲ್ಲೇ ಹಾಕಿ. ಬರೆಯಲು ಬಾರದಿದ್ದರೆ ಮೈಕಿನ ಚಿತ್ರ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತೆ.

ನಮ್ಮದೊಂದು ವಿಳಾಸದ ವಹಿ

ಕೊನೆಯದಾಗಿ ಒಂದು ಬೇಡಿಕೆ. ಸಂಘದ ಕೌಂಟರಿನಲ್ಲಿ, ಹಾಲಿನ ರಿಜಿಸ್ಟರಿನ ಪಕ್ಕ, ಇನ್ನೊಂದು ದಪ್ಪ ವಹಿ ಇಡೋಣ. ಅದಕ್ಕೆ ಐದು ಕಾಲಂ ಸಾಕು. ತಾಣದ ಹೆಸರು ಮತ್ತು ವಿಳಾಸ, ಯಾವ ಕೆಲಸಕ್ಕೆ, ದುಡ್ಡು ಬೇಕೋ ಬೇಡವೋ, ನಮ್ಮಲ್ಲಿ ಯಾರು ಬಳಸಿ ನೋಡಿದ್ದಾರೆ, ಯಾವ ತಾರೀಖು. ಬಳಸಿ ನೋಡದ್ದನ್ನು ಬರೆಯಬಾರದು. ಕೆಟ್ಟದ್ದು ಅಂತ ಗೊತ್ತಾದದ್ದಕ್ಕೆ ಕೆಂಪು ಗೆರೆ. ತಾಣಗಳು ವಿಳಾಸ ಬದಲಿಸುತ್ತವೆ, ಮುಚ್ಚಿಹೋಗುತ್ತವೆ. ಯಾಹೂವಿನ ಪಟ್ಟಿಯೇ 2014ರಲ್ಲಿ ನಿಂತುಹೋಯಿತು. ಆದ್ದರಿಂದ ವಾರ್ಷಿಕ ಮಹಾಸಭೆಗೆ ಮೊದಲು ವಹಿಯನ್ನೂ ಒಮ್ಮೆ ತಪಾಸಣೆ ಮಾಡೋಣ. ಆ ಕೆಲಸವನ್ನು ನಮ್ಮ ವಾಚನಾಲಯ ಬಳಗ ಹೊತ್ತುಕೊಳ್ಳುತ್ತೆ. ಫೋನಿಲ್ಲದ ಅಜ್ಜಿಗೂ, ಅಕ್ಷರ ಬಾರದ ಅಣ್ಣನಿಗೂ ವಹಿ ನೋಡಿ ಓದಿ ಹೇಳುವವರು ಬೆಳಿಗ್ಗೆ ಸಂಜೆ ಡೈರಿಯ ಸಾಲಿನಲ್ಲೇ ನಿಂತಿರುತ್ತಾರೆ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರ ಕೈಯಲ್ಲಿದ್ದ ಚಿಲ್ಲರೆ ಒಂದೆಡೆ ಸೇರಿದ್ದರಿಂದ ರೈತನಿಗೆ ಸಾಹುಕಾರನ ಮನೆಯಲ್ಲದೆ ಬೇರೊಂದು ಬಾಗಿಲೂ ಕಂಡಿತು. ನಮ್ಮ ಸಂಘ ಇಪ್ಪತ್ತೈದು ವರ್ಷ ಚೊಂಬು ಚೊಂಬು ಹಾಲನ್ನು ಒಂದು ಕಡೆ ಸೇರಿಸಿದೆ. ಒಬ್ಬೊಬ್ಬರಲ್ಲಿ ಒಂದೊಂದು ಚೊಂಬಿನಷ್ಟು ಇರುವ ತಿಳಿವಳಿಕೆಯನ್ನೂ ಹಾಗೆಯೇ ಸೇರಿಸಲಿ ಅನ್ನೋದು ನಮ್ಮ ಕೋರಿಕೆ. ಆಡಳಿತ ಮಂಡಳಿ ಒಪ್ಪಿದರೆ ವಹಿಯ ಮೊದಲ ಪುಟಕ್ಕೆ ಬೇಕಾದ ವಿಳಾಸಗಳನ್ನು, ಬಳಸಿ ನೋಡಿದ ತಾರೀಖಿನ ಸಮೇತ, ನಾಳೆ ಬೆಳಗಿನ ಹಾಲಿನ ಹೊತ್ತಿಗೇ ತಂದುಕೊಡುತ್ತೇವೆ.