ಮುಂದಿನ ಹಲ್ಲುಗಳ ಸಂದು

ಮೇಲ್ದವಡೆಯ ಮುಂದಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಇರುವವರು ನಮ್ಮ ನಿಮ್ಮ ಬಂಧುಬಳಗದಲ್ಲಿ ಒಬ್ಬಿಬ್ಬರಾದರೂ ಉಂಟು. ಅದು ಭಾಗ್ಯದ ಗುರುತೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಫ್ರಾನ್ಸಿನವರೂ ಇಂಥ ಹಲ್ಲನ್ನು ಸುಖದ ಹಲ್ಲೆಂದೇ ಕರೆಯುತ್ತಾರೆ; ನೈಜೀರಿಯದಲ್ಲಿ ಹಲವರು ಇದನ್ನು ಚೆಲುವೆಂದು ಎಣಿಸುತ್ತಾರೆ. ಆದರೆ ಹೆಣ್ಣು ನೋಡಲು ಬಂದವರು ಏನೆಂದುಕೊಳ್ಳುವರೋ ಎಂಬ ಅಂಜಿಕೆ ಹುಟ್ಟಿದೊಡನೆ ಭಾಗ್ಯದ ಮಾತು ಹಿಂದಕ್ಕೆ ಸರಿಯುತ್ತದೆ. "ಮುಂದಿನ ತಿಂಗಳು ಲಗ್ನ, ಅಷ್ಟರೊಳಗೆ ಮುಚ್ಚಿಸಿಬಿಡಿ" ಎಂದು ಗುಬ್ಬಿಯಿಂದಲೋ ಕುಣಿಗಲಿನಿಂದಲೋ ತುಮಕೂರಿನ ಬಸ್ಸು ಹತ್ತುವ ತಂದೆತಾಯಿಯರಿಗಾಗಿ ಈ ನಾಲ್ಕು ಮಾತು.

ಸಂದನ್ನು ಹೇಗೆ ಮುಚ್ಚುವುದೆಂದು ಕೇಳುವ ಮೊದಲು ಅದು ಏಕೆ ಬಂತೆಂದು ಕೇಳಬೇಕು. ಏಳೆಂಟು ವರ್ಷದ ಮಗುವಿಗೆ ಹೊಸ ಬಾಚಿಹಲ್ಲು ಬಂದಾಗ ನಡುವೆ ಸಂದು ಕಾಣುವುದು ಸಹಜ. ಹನ್ನೊಂದು ಹನ್ನೆರಡರ ಸುಮಾರಿಗೆ ಕೋರೆಹಲ್ಲುಗಳು ಇಳಿದು ಬರುವಾಗ ಅವೇ ಒತ್ತಿ, ಎಷ್ಟೋ ಮಕ್ಕಳಲ್ಲಿ ಸಂದು ತಾನಾಗಿ ಕೂಡಿಕೊಳ್ಳುತ್ತದೆ. ಸಂದು ತೀರ ಅಗಲವಾಗಿದ್ದರೆ ಮಾತ್ರ ಒಮ್ಮೆ ಎಕ್ಸ್-ರೇ ತೆಗೆಸಿ ನೋಡುವುದು ಒಳ್ಳೆಯದು. ದವಡೆಯೊಳಗೆ ಹೆಚ್ಚಿನ ಹಲ್ಲೊಂದು ಅಡಗಿರುವುದುಂಟು. ದವಡೆ ದೊಡ್ಡದಾಗಿ ಹಲ್ಲು ಚಿಕ್ಕದಾಗಿರುವುದು, ಪಕ್ಕದ ಹಲ್ಲು ಹುಟ್ಟದೇ ಇರುವುದು, ಬೆರಳು ಚೀಪುವುದು, ನುಂಗುವಾಗ ನಾಲಗೆಯಿಂದ ಹಲ್ಲನ್ನು ಮುಂದಕ್ಕೆ ನೂಕುವುದು, ಇವೂ ಕಾರಣಗಳೇ. ಮೇಲ್ದುಟಿಯನ್ನು ಎತ್ತಿ ಕನ್ನಡಿಯಲ್ಲಿ ನೋಡಿದರೆ ತುಟಿಯನ್ನು ವಸಡಿಗೆ ಸೇರಿಸುವ ಒಂದು ಎಳೆ ಕಾಣುತ್ತದೆ. ಕೆಲವರಲ್ಲಿ ಅದು ದಪ್ಪಗಾಗಿ ಹಲ್ಲುಗಳ ನಡುವಿನವರೆಗೂ ಇಳಿದಿರುತ್ತದೆ. ಅದನ್ನು ಬಿಡಿಸುವ ಸಣ್ಣ ಶಸ್ತ್ರಕ್ರಿಯೆಯುಂಟು. ಆದರೆ ಸಾಮಾನ್ಯವಾಗಿ ಹಲ್ಲುಗಳನ್ನು ಕೂಡಿಸಿದ ಮೇಲೆ ಅದನ್ನು ಮಾಡುತ್ತಾರೆ.

ನಲವತ್ತು ದಾಟಿದವರಲ್ಲಿ, ಹಿಂದೆ ಇಲ್ಲದ ಸಂದು ಹೊಸದಾಗಿ ಬಿಟ್ಟುಕೊಂಡರೆ ಮಾತೇ ಬೇರೆ. ಬಹುಮಟ್ಟಿಗೆ ಅದು ವಸಡಿನ ರೋಗ. ಒಳಗಿನ ಎಲುಬು ಕರಗಿ ಹಲ್ಲು ಸರಿಯುತ್ತಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಈ ಭಯ ಹೆಚ್ಚು. ಮಗುವಿನ ವಿಷಯದಲ್ಲಿ ಕಾಯಿರಿ ಎಂದೆ. ಇಲ್ಲಿ ಮಾತ್ರ ತಡಮಾಡಬೇಡಿ. ಮೊದಲು ವಸಡು ವಾಸಿಯಾಗಬೇಕು, ಅಂದಚಂದ ಆಮೇಲೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎರಡು ಹಲ್ಲಿಗೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಮಲಗಿದರೆ ಸಂದು ಮುಚ್ಚುವುದೆಂದು ಮೊಬೈಲಿನಲ್ಲಿ ನೋಡಿ ಹುಡುಗರು ಮನೆಯಲ್ಲೇ ಪ್ರಯೋಗ ಮಾಡುವುದುಂಟು. ಹಲ್ಲು ಬೇರಿನ ಕಡೆಗೆ ಸಪುರವಾಗುತ್ತ ಹೋಗುತ್ತದೆ. ಆದ್ದರಿಂದ ಬ್ಯಾಂಡು ಮೆಲ್ಲಗೆ ಮೇಲಕ್ಕೆ ಜಾರಿ ವಸಡಿನೊಳಗೆ ಹೊಕ್ಕು ಕಣ್ಣಿಗೆ ಕಾಣದಾಗುತ್ತದೆ. ಬಿದ್ದುಹೋಯಿತೆಂದು ಮನೆಯವರು ತಿಳಿಯುತ್ತಾರೆ. ಅದು ಒಳಗೇ ಕುಳಿತು ಹಲ್ಲನ್ನು ಹಿಡಿದಿರುವ ಎಲುಬನ್ನು ಹಾಳುಮಾಡುತ್ತದೆ. ಹೀಗೆ ಒಳ್ಳೆಯ ಎರಡು ಹಲ್ಲುಗಳೂ ಅಲುಗಾಡಿ ಉದುರಿದ ಪ್ರಸಂಗಗಳನ್ನು ದಂತವೈದ್ಯರು ದಾಖಲಿಸಿದ್ದಾರೆ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿರಿ.

ಇನ್ನು ಚಿಕಿತ್ಸೆ. ವ್ಯಾಕರಣ ಕಲಿತವರಿಗೆ ಆಗಮಸಂಧಿ, ಆದೇಶಸಂಧಿ ನೆನಪಿರಬಹುದು. ಹಲ್ಲಿನ ಬಣ್ಣದ ಕಾಂಪೊಸಿಟನ್ನು ಎರಡು ಹಲ್ಲಿನ ಅಂಚಿಗೂ ಹಚ್ಚಿ ಸಂದು ತುಂಬುವುದು ಆಗಮದಂತೆ: ಇದ್ದದ್ದು ಹೋಗುವುದಿಲ್ಲ, ಹೊಸದು ಬಂದು ಸೇರುತ್ತದೆ. ಅನೇಕವೇಳೆ ಒಂದೇ ದಿನದ ಕೆಲಸ. ಲಗ್ನದ ಅವಸರವಿದ್ದವರಿಗೆ ನಾನು ಹೇಳುವುದು ಇದನ್ನೇ. ಕೆಲವು ವರ್ಷಗಳ ಮೇಲೆ ಬಣ್ಣ ಕೆಡಬಹುದು, ಚೂರು ಏಳಬಹುದು, ಮತ್ತೆ ಸರಿಮಾಡಿಸಬೇಕು. ಕ್ಯಾಪ್ ಹಾಕುವುದು ಆದೇಶದಂತೆ: ಹಲ್ಲನ್ನು ಸುತ್ತಲೂ ಅರೆದು ಅದರ ಮೇಲೆ ಬೇರೊಂದನ್ನು ಕೂರಿಸುತ್ತಾರೆ. ಅರೆದ ಹೊರಕವಚ ಮತ್ತೆ ಬೆಳೆಯದು. ಇಪ್ಪತ್ತರ ಹುಡುಗಿಯ ಗಟ್ಟಿ ಹಲ್ಲನ್ನು ಬರಿಯ ಸಂದಿಗಾಗಿ ಹೀಗೆ ಅರೆಸುವುದು ನನಗೆ ಸರಿತೋರುವುದಿಲ್ಲ. ವೆನೀರ್ ಎಂಬ ತೆಳು ಹೊದಿಕೆಗೆ ಅರೆಯುವುದು ಕಡಿಮೆ, ಖರ್ಚು ಕಾಂಪೊಸಿಟಿಗಿಂತ ಹೆಚ್ಚು.

ಹಲ್ಲನ್ನೇ ಸರಿಸಿ ಕೂಡಿಸುವುದು ಕ್ಲಿಪ್ಪಿನ ಕೆಲಸ; ಈಗ ಪಾರದರ್ಶಕ ಅಚ್ಚುಗಳೂ ಬಂದಿವೆ. ಕೆಲವು ತಿಂಗಳಿಂದ ಎರಡು ವರ್ಷದವರೆಗೂ ಹಿಡಿಯಬಹುದು. ಕ್ಲಿಪ್ಪನ್ನು ಬಿಗಿಮಾಡಿಸಲು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೋಗಬೇಕು. ಗುಬ್ಬಿಯವರಿಗೆ ತುಮಕೂರು ಸುಮಾರು 20 ಕಿಲೋಮೀಟರು, ಕುಣಿಗಲಿನವರಿಗೆ ಇನ್ನೂ ದೂರ. ಕೂಲಿ ಬಿಟ್ಟು, ಶಾಲೆ ಬಿಟ್ಟು ಅಷ್ಟು ಸಲ ಬರಲಾದೀತೆ ಎಂಬುದನ್ನು ಹೊರಡುವ ಮೊದಲೇ ಎಣಿಸಿಕೊಳ್ಳಿ. ಕ್ಲಿಪ್ ತೆಗೆದ ಮೇಲೆ ರಿಟೇನರ್ ಧರಿಸದಿದ್ದರೆ ಹಲ್ಲು ಮತ್ತೆ ಹಳೆಯ ಜಾಗಕ್ಕೇ ಸರಿಯುತ್ತದೆ. ಈ ಸಂದಿನ ಸ್ವಭಾವವೇ ಹಾಗೆ.

ತುಮಕೂರಿನ ಅಗಳಕೋಟೆಯಲ್ಲಿ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ವಿದ್ಯಾರ್ಥಿಗಳು ಕಲಿಯುವ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ, ಕಾಯುವುದು ಹೆಚ್ಚು. ಪಾವಗಡದ ಕಡೆಯಂತೆ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದವರು ಅದನ್ನು ಮೊದಲೇ ತಿಳಿಸಬೇಕು. ಅಂಥ ಹಲ್ಲಿಗೆ ಕಾಂಪೊಸಿಟ್ ಅಷ್ಟು ಸುಲಭವಾಗಿ ಅಂಟದು. ಹಾಗೆಯೇ ಎಲೆಯಡಿಕೆಯ ಅಭ್ಯಾಸವನ್ನೂ, ಕೋಡುಬಳೆಯನ್ನು ಮುಂದಿನ ಹಲ್ಲಿನಿಂದಲೇ ಕಡಿಯುವ, ಕಬ್ಬನ್ನು ಸಿಗಿದು ತಿನ್ನುವ ರೂಢಿಯನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಿಬಿಡಿ.