ವರ್ಣತಂತುವಿನ ತುದಿಗೆ ಕಾವಲು
(ಹೈದರಾಬಾದಿನಲ್ಲಿ ಕನ್ನಡ ಬಾಂಧವರ ಮುಂದೆ ಮಾಡಿದ ಭಾಷಣದ ಪಾಠ)



ನಮ್ಮ ದೇಹದ ಸಾಮಾನ್ಯ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಎಂದರೆ 92 ತುದಿಗಳಿವೆ. ಡಿ.ಎನ್.ಎ. ಎಲ್ಲಿಯಾದರೂ ತುಂಡಾದರೆ ಜೀವಕೋಶವು ಅದನ್ನು ಗಾಯವೆಂದು ಬಗೆದು ಬೆಸೆಯಲು ತೊಡಗುತ್ತದೆ. ಹಾಗಾದರೆ ಈ 92 ಸಹಜ ತುದಿಗಳನ್ನು ಅದು ಒಂದಕ್ಕೊಂದು ಬೆಸೆಯುವುದಿಲ್ಲವೇಕೆ?

ಉತ್ತರವು ತುದಿಯ ಬರಹದಲ್ಲಿಯೇ ಅಡಗಿದೆ. 'ಟಿಟಿಎಜಿಜಿಜಿ' ಎಂಬ ಆರು ಅಕ್ಷರಗಳ ಪದವು ಅಲ್ಲಿ ನೂರಾರು, ಸಾವಿರಾರು ಬಾರಿ ಪುನರಾವರ್ತನೆಗೊಂಡಿದೆ. ಈ ಭಾಗಕ್ಕೆ ಟೆಲೊಮಿಯರ್ ಎಂದು ಹೆಸರು. ಗ್ರೀಕ್ ಮೂಲದ ಈ ಶಬ್ದವನ್ನು 'ಅಂತ್ಯಭಾಗ' ಎಂದು ಕನ್ನಡಿಸಬಹುದು.

ಟಿ.ಆರ್.ಎಫ್.-1 ಮತ್ತು ಟಿ.ಆರ್.ಎಫ್.-2 ಎಂಬ ಪ್ರೋಟೀನುಗಳು ಈ ಪದವನ್ನು ಓದಬಲ್ಲವು. ಅದಕ್ಕಾಗಿ ಅವು ಡಿ.ಎನ್.ಎ.ಯ ಎಳೆಗಳನ್ನು ಬಿಚ್ಚಬೇಕಾಗಿಲ್ಲ. ಹಗ್ಗದಂತೆ ಹೊಸೆದ ಎಳೆಗಳ ನಡುವಿನ ಅಗಲವಾದ ತೋಡಿನಲ್ಲಿ ಅಕ್ಷರಗಳ ಅಂಚುಗಳು ತೆರೆದಿರುತ್ತವೆ. ಪ್ರೋಟೀನಿನ ಸಣ್ಣ ಸುರುಳಿಯೊಂದು ಆ ತೋಡಿನಲ್ಲಿ ಕುಳಿತು, ಬ್ರೈಲ್ ಲಿಪಿಯನ್ನು ಬೆರಳು ಓದುವಂತೆ, ಜಲಜನಕ ಬಂಧಗಳ ಮೂಲಕ ಅಕ್ಷರಗಳನ್ನು ಗುರುತಿಸುತ್ತದೆ. ಪ್ರೋಟೀನಿನ ಇನ್ನೊಂದು ತೋಳು ಕಿರಿದಾದ ತೋಡನ್ನು ಹಿಡಿಯುತ್ತದೆ. ಈ ಪ್ರೋಟೀನುಗಳು ಜೋಡಿಯಾಗಿಯೇ ಕೆಲಸ ಮಾಡುವುದರಿಂದ ಹಿಡಿತವು ಬಿಗಿಯಾಗುತ್ತದೆ. ಕೊನೆಯಲ್ಲಿ ಉಳಿಯುವ ಒಂಟಿ ಎಳೆಯನ್ನು ಪಿ.ಒ.ಟಿ.-1 ಎಂಬುದು ಕಾಯುತ್ತದೆ. ಇವುಗಳನ್ನೊಳಗೊಂಡ ಆರು ಪ್ರೋಟೀನುಗಳ ಕಾವಲು ಪಡೆಯೇ ಶೆಲ್ಟರಿನ್. ಟಿ.ಆರ್.ಎಫ್.-2 ಇಲ್ಲವಾದರೆ ವರ್ಣತಂತುಗಳು ತುದಿಗೆ ತುದಿ ಅಂಟಿಕೊಂಡು, ಕೋಶವಿಭಜನೆಯೇ ಕೆಡುತ್ತದೆ.

ಪುನರಾವರ್ತಿತ ಡಿ.ಎನ್.ಎ.ಯ ಅಧ್ಯಯನದಲ್ಲಿ ಈ ನಗರಕ್ಕೆ ಗೌರವದ ಸ್ಥಾನವಿದೆ. 1977ರಲ್ಲಿ ಇಲ್ಲಿ ಆರಂಭವಾದ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ಡಾ. ಲಾಲ್‌ಜಿ ಸಿಂಗ್ ಅವರು, ಪಟ್ಟೆ ಕಟ್ಟುಹಾವಿನಲ್ಲಿ ಮೊದಲು ದೊರೆತ 'ಜಿಎಟಿಎ' ಎಂಬ ಪುನರಾವರ್ತನೆಯನ್ನು ಕುರಿತು ಸಂಶೋಧನೆ ಮುಂದುವರಿಸಿದರು. ಆ ಬರಹವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನೊಂದು ಬೀಜಕೋಶಗಳಲ್ಲಿದೆಯೆಂದು ಅವರೂ ಅವರ ಸಹೋದ್ಯೋಗಿಗಳೂ 1994ರಲ್ಲಿ ಪ್ರಕಟಿಸಿದರು. ಅದೇ ಹಾವಿನ ಡಿ.ಎನ್.ಎ.ಯಿಂದ ನಮ್ಮ ದೇಶದ ಡಿ.ಎನ್.ಎ. ಬೆರಳಚ್ಚು ವಿಧಾನವೂ ರೂಪುಗೊಂಡು ನ್ಯಾಯಾಲಯದ ಮೆಟ್ಟಿಲೇರಿತು. ಪ್ರಯೋಜನವನ್ನು ಮೊದಲೇ ಕೇಳಿದ್ದರೆ ಆ ಹಾವನ್ನು ಯಾರು ತಾನೇ ಅಭ್ಯಸಿಸುತ್ತಿದ್ದರು?

ಅಂತ್ಯಭಾಗದ ವಿಷಯವೂ ಹೀಗೆಯೇ. ಕೊಳದ ಏಕಕೋಶ ಜೀವಿಯೊಂದರಲ್ಲಿ ಆರಂಭವಾದ ಅದರ ಶೋಧನೆಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ದೇಹಕೋಶಗಳು ವಿಭಜನೆಗೊಂಡಂತೆ ಅಂತ್ಯಭಾಗವು ಸವೆಯುತ್ತದೆ. ಅದನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಕಿಣ್ವವು ಬಹುಪಾಲು ಕ್ಯಾನ್ಸರ್ ಕೋಶಗಳಲ್ಲಿ ಎಚ್ಚೆತ್ತಿರುತ್ತದೆ. ಕಾವಲಿನ ಪ್ರೋಟೀನಿನಲ್ಲಿ ಹುಟ್ಟಿನಿಂದ ಬಂದ ದೋಷದಿಂದ ಎಳೆಯ ಮಕ್ಕಳ ಅಸ್ಥಿಮಜ್ಜೆಯೇ ಸೋಲುವುದುಂಟು. ಆದುದರಿಂದ ತುದಿಯ ಈ ಆರು ಅಕ್ಷರಗಳನ್ನು ಓದುವ ಬಗೆಯನ್ನು ತಿಳಿಯುವುದು ಕೇವಲ ಪಂಡಿತರ ಕುತೂಹಲವಲ್ಲ. ಅದು ನಮ್ಮೆಲ್ಲರ ಆರೋಗ್ಯಕ್ಕೆ ಸಂಬಂಧಿಸಿದ ಮಾತು.